ಅಪ್‌ಡೇಟ್: ಕುಡಿದು ಓಡಿಸುವವರ ಬಗ್ಗೆ 112ಕ್ಕೆ ಹೇಳುವುದು ಹೇಗೆ

ಹೆದ್ದಾರಿಯಲ್ಲಿ ಅಡ್ಡಾದಿಡ್ಡಿ ಓಡುವ ಕಾರು ಕಂಡರೆ ಯಾರಿಗೆ ಫೋನ್ ಮಾಡಬೇಕು, ಏನು ಹೇಳಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ತುರ್ತು ಸಹಾಯವಾಣಿ 112 ಸಾಕು. ಠಾಣೆಯ ನಂಬರ್ ಹುಡುಕುತ್ತಾ ಕೂತರೆ ಕಾರು ಮುಂದಿನ ಠಾಣೆಯ ಸರಹದ್ದು ಸೇರಿರುತ್ತದೆ. ಮೊದಲು ಜಾಗ ಹೇಳಿ. ಕಾಲ್ ಕಟ್ಟಾದರೂ ಅಷ್ಟಾದರೂ ತಲುಪಿರುತ್ತದೆ. ಬರೀ "ತುಮಕೂರು ರಸ್ತೆ" ಅಂದರೆ ಪ್ರಯೋಜನವಿಲ್ಲ. "ಬೆಂಗಳೂರಿನಿಂದ ತುಮಕೂರಿನ ಕಡೆ, ನೆಲಮಂಗಲ ದಾಟಿ, ದಾಬಸ್‌ಪೇಟೆಗೆ ಮುಂಚೆ" ಅನ್ನಿ, ಕಿಲೋಮೀಟರ್ ಕಲ್ಲು ಕಂಡರೆ ಅದನ್ನೂ ಸೇರಿಸಿ. ದಿಕ್ಕು ಹೇಳದಿದ್ದರೆ ಗಸ್ತು ವಾಹನ ಡಿವೈಡರ್‌ನ ಆಚೆ ಬದಿಯಲ್ಲಿ ಹುಡುಕುತ್ತಿರುತ್ತದೆ. ಆಮೇಲೆ ನಂಬರ್, ಬಣ್ಣ, ಮಾದರಿ. ಪೂರ್ತಿ ನಂಬರ್ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ.

"ಕುಡಿದಿದ್ದಾನೆ" ಅನ್ನುವುದಕ್ಕಿಂತ ಕಣ್ಣಿಗೆ ಕಂಡದ್ದನ್ನು ಹೇಳಿ: ಲೇನ್ ಬಿಟ್ಟು ಹೋಗ್ತಿದೆ, ಹೆಡ್‌ಲೈಟ್ ಹಾಕಿಲ್ಲ, ಡಿವೈಡರ್‌ಗೆ ಉಜ್ಜಿತು. ಕುಡಿತ ಸಾಬೀತಾಗುವುದು ಪರೀಕ್ಷೆಯಲ್ಲಿ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರಡಿ ಅಪರಾಧ. ಹಾಗಾಗಿ ಗಾಡಿ ರಸ್ತೆಯಲ್ಲಿರುವಾಗಲೇ ಫೋನ್ ಮಾಡಬೇಕು, ಮನೆ ಸೇರಿದ ಮೇಲಲ್ಲ. ಕುಡಿದಿರದಿದ್ದರೂ ಅಪಾಯಕಾರಿ ಚಾಲನೆಗೆ ಸೆಕ್ಷನ್ 184 ಇದೆ.

ನೀವೇ ಓಡಿಸುತ್ತಾ ಫೋನ್ ಹಿಡಿದರೆ ಅದೂ 184ರಡಿ ಅಪರಾಧ. ಪಕ್ಕದವರು ಮಾತಾಡಲಿ, ಇಲ್ಲವೇ ಪೆಟ್ರೋಲ್ ಬಂಕ್ ಬಳಿ ನಿಲ್ಲಿಸಿ ಮಾಡಿ. ದಯವಿಟ್ಟು ಬೆನ್ನಟ್ಟಬೇಡಿ, ಅಡ್ಡ ಹಾಕಬೇಡಿ. ದಾರಿ ಕೇಳಲು ಗಸ್ತಿನವರು ವಾಪಸ್ ಕಾಲ್ ಮಾಡಬಹುದು, ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ.