ಆಫೀಸ್ 2010 ಹಳೆ ಡೆಸ್ಕ್‌ಟಾಪಿನಿಂದ ವಿಂಡೋಸ್ 11 ಲ್ಯಾಪ್‌ಟಾಪಿಗೆ: ಅದೇ ಕೀ ನಡೆಯುತ್ತದೆಯೇ?

ಸೊಸೈಟಿ_ಲೆಕ್ಕ ಕೇಳಿದ್ದು:
ಸೊಸೈಟಿ ಆಫೀಸಿನ ಹಳೆ ಡೆಸ್ಕ್‌ಟಾಪಲ್ಲಿ ವಿಂಡೋಸ್ 7, ಆಫೀಸ್ 2010 ಹೋಮ್ ಅಂಡ್ ಬಿಸಿನೆಸ್ ಇದೆ. ಡಿವಿಡಿ, ಡಬ್ಬಿ ಎರಡೂ ಜೋಪಾನವಾಗಿವೆ. ಹೊಸ ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವೇ ಇಲ್ಲ. ಅದೇ ಕೀ ಹಾಕಬಹುದೇ? ಔಟ್‌ಲುಕ್ ಮೇಲ್‌ಗಳನ್ನೆಲ್ಲ ಇಟ್ಟುಕೊಳ್ಳುವ ಪಿಎಸ್‌ಟಿ ಫೈಲ್ 6 ಜಿಬಿ ಇದೆ. 32 ಜಿಬಿ ಪೆನ್ ಡ್ರೈವಲ್ಲಿ ಜಾಗ ಬೇಕಾದಷ್ಟಿದ್ದರೂ ಫೈಲ್ ದೊಡ್ಡದಾಯಿತು ಅನ್ನುತ್ತಿದೆ. ನೋಟಿಸು, ನಡಾವಳಿ ಎಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವು.

ಕೀಲಿಮಣೆ:
ಮೊದಲು ಲೈಸೆನ್ಸ್ ಯಾವ ಬಗೆಯದು ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಹಳೆ ಮೆಷಿನ್ನಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಪ್ರೋಗ್ರಾಮ್ ಫೈಲ್ಸ್ ಒಳಗಿನ ಮೈಕ್ರೋಸಾಫ್ಟ್ ಆಫೀಸ್, ಅದರೊಳಗಿನ ಆಫೀಸ್14 ಫೋಲ್ಡರಿಗೆ ಹೋಗಿ. 64 ಬಿಟ್ ವಿಂಡೋಸ್ ಆದರೆ ಎಕ್ಸ್86 ಎಂದಿರುವ ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಹುಡುಕಿ. ಅಲ್ಲಿರುವ ಓಎಸ್‌ಪಿಪಿ.ವಿಬಿಎಸ್ ಎಂಬ ಸ್ಕ್ರಿಪ್ಟನ್ನು ಸಿಸ್ಕ್ರಿಪ್ಟ್ ಮೂಲಕ /ಡಿಸ್ಟೇಟಸ್ ಸೇರಿಸಿ ಓಡಿಸಿ (cscript ospp.vbs /dstatus). ಕೀಯ ಕೊನೆಯ ಐದು ಅಕ್ಷರ, ಲೈಸೆನ್ಸಿನ ವಿವರ ತೆರೆಯ ಮೇಲೆ ಬರುತ್ತವೆ.

ಆ ಐದು ಅಕ್ಷರ ಡಬ್ಬಿಯ ಕೀಗೆ ತಾಳೆಯಾಗಿ, ವಿವರದಲ್ಲಿ ರಿಟೇಲ್ ಎಂದಿದ್ದರೆ ಧೈರ್ಯವಾಗಿ ಮುಂದುವರಿಯಿರಿ, ಡಬ್ಬಿಯ ಲೈಸೆನ್ಸನ್ನು ಬೇರೆ ಮೆಷಿನ್ನಿಗೆ ಸಾಗಿಸಬಹುದು. ಓಇಎಂ, ಅಂದರೆ ಕಂಪ್ಯೂಟರಿನ ಜೊತೆಗೇ ಕೊಟ್ಟದ್ದು, ಎಂದಿದ್ದರೆ ಅದು ಆ ಡೆಸ್ಕ್‌ಟಾಪಿನ ಜೊತೆಗೇ ಮುಗಿಯುತ್ತದೆ. ಡಿವಿಡಿ ಇಲ್ಲದೆ ಬರೀ ಕಾರ್ಡಿನ ರೂಪದಲ್ಲಿ ಮಾರುತ್ತಿದ್ದ ಕೀ ಕೂಡ ಒಂದೇ ಮೆಷಿನ್ನಿಗೆ. ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಎಂದು ಬಂದು, ನಿಮ್ಮ ಸಂಸ್ಥೆ ವಾಲ್ಯೂಮ್ ಲೈಸೆನ್ಸ್ (ಸಂಸ್ಥೆಗಳು ಹಲವು ಮೆಷಿನ್ನಿಗೆ ಒಟ್ಟಿಗೆ ಕೊಳ್ಳುವಂಥದ್ದು) ಕೊಂಡೇ ಇಲ್ಲವಾದರೆ, ಯಾರೋ ಕ್ರ್ಯಾಕ್, ಅಂದರೆ ಲೈಸೆನ್ಸಿಲ್ಲದೆ ಓಡಿಸುವ ಕಳ್ಳದಾರಿ, ಹಾಕಿಕೊಟ್ಟಿದ್ದಾರೆ ಎಂದರ್ಥ. ಆಗ ಓಡುತ್ತಿರುವುದು ಡಬ್ಬಿಯ ಕೀ ಅಲ್ಲ. ಆ ಕ್ರ್ಯಾಕನ್ನು ಹೊಸ ಲ್ಯಾಪ್‌ಟಾಪಿಗೆ ಖಂಡಿತ ತರಬೇಡಿ, ಡಬ್ಬಿಯ ಕೀಯನ್ನೇ ಬಳಸಿ.

ಹಳೆಯದರಲ್ಲಿ ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಮೈಕ್ರೋಸಾಫ್ಟ್ ಸರ್ವರಿನಲ್ಲಿ ಆ ಕೀ ಎಷ್ಟು ಸಲ ಬಳಕೆಯಾಗಿದೆ ಎಂಬ ಲೆಕ್ಕ ಇಳಿಯುವುದಿಲ್ಲ. ಆದರೂ ಹೊಸದರಲ್ಲಿ ಎಲ್ಲ ಸರಿಹೋದ ಮೇಲೆ ತೆಗೆಯಲೇಬೇಕು, ಲೈಸೆನ್ಸಿನ ಕರಾರು ಹಾಗಿದೆ. ಅಲ್ಲಿಯವರೆಗೆ ಡೆಸ್ಕ್‌ಟಾಪ್ ಫಾರ್ಮ್ಯಾಟ್ ಮಾಡಬೇಡಿ.

ಇನ್‌ಸ್ಟಾಲ್_ಮಾಡುವವ:
ಡಿವಿಡಿಯಲ್ಲಿರುವುದನ್ನೆಲ್ಲ ಹಳೆ ಮೆಷಿನ್ನಿನಲ್ಲಿ ಪೆನ್ ಡ್ರೈವಿಗೆ ಕಾಪಿ ಮಾಡಿಕೊಂಡು ಸೆಟಪ್ ಓಡಿಸಿದರೆ ಸಾಕು. ಆದರೆ ಅದಕ್ಕೂ ಮುಂಚೆ ಹೊಸ ಲ್ಯಾಪ್‌ಟಾಪಲ್ಲಿ ಎರಡು ಕೆಲಸ ಇವೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಕಂಪನಿಯಿಂದಲೇ ಬಂದ ಮೈಕ್ರೋಸಾಫ್ಟ್ 365 ಇರುತ್ತದೆ, ಅದನ್ನು ತೆಗೆದು ರೀಸ್ಟಾರ್ಟ್ ಮಾಡಿ. ಬೇರೆ ಬೇರೆ ಭಾಷೆಯ ಹೆಸರಲ್ಲಿ ಮೂರ್ನಾಲ್ಕು ಸಾಲು ಕಂಡರೆ ಎಲ್ಲವನ್ನೂ ತೆಗೆಯಿರಿ. ಅದು 64 ಬಿಟ್, ನಿಮ್ಮದು 32 ಬಿಟ್ ಆದರೆ ಸೆಟಪ್ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು, ವಿಂಡೋಸ್ ಎಸ್ ಮೋಡಿನಲ್ಲಿದೆಯೇ ನೋಡಿ. ಇದ್ದರೆ ಸ್ಟೋರಿನ ಹೊರಗಿನ ಯಾವ ಪ್ರೋಗ್ರಾಮೂ ಕೂರುವುದಿಲ್ಲ.

ಪೆನ್ ಡ್ರೈವಿನ ತೊಂದರೆ ಜಾಗದ್ದಲ್ಲ. ಅದು ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿದೆ, ಅದರಲ್ಲಿ ಒಂದೊಂದು ಫೈಲೂ 4 ಜಿಬಿಗಿಂತ ಚಿಕ್ಕದಿರಬೇಕು. ಒಳಗಿನದನ್ನು ಬೇರೆಡೆ ಇಟ್ಟು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಔಟ್‌ಲುಕ್ ಪೂರ್ತಿ ಮುಚ್ಚಿದ ಮೇಲಷ್ಟೇ ಪಿಎಸ್‌ಟಿ ಕಾಪಿ ಮಾಡಿ. ಹೊಸದರಲ್ಲಿ ಅದನ್ನು ಡಾಕ್ಯುಮೆಂಟ್ಸ್ ಒಳಗೆ ಇಡಬೇಡಿ. ವಿಂಡೋಸ್ 11ರಲ್ಲಿ ಆ ಫೋಲ್ಡರು ಬಹಳ ಸಲ ಒನ್‌ಡ್ರೈವ್‌ಗೆ ಸೇರಿಕೊಂಡಿರುತ್ತದೆ. ತೆರೆದಿರುವ 6 ಜಿಬಿ ಫೈಲನ್ನು ಅದು ಸಿಂಕ್ ಮಾಡಲು ಹೊರಟರೆ ಔಟ್‌ಲುಕ್ ತಡವರಿಸುತ್ತದೆ, ಫೈಲ್ ಕೆಡಲೂಬಹುದು. ಸಿ ಡ್ರೈವಿನಲ್ಲೇ ಒಂದು ಫೋಲ್ಡರ್ ಮಾಡಿ ಅಲ್ಲಿಡಿ.

ಜಿಮೇಲ್ ಖಾತೆಯಾದರೆ ಮಾಮೂಲಿ ಪಾಸ್‌ವರ್ಡ್ 2010ರಲ್ಲಿ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ.

ನುಡಿ_ಬರಹ:
ಕನ್ನಡದ ಫೈಲುಗಳ ಮಾತು ಬೇರೆಯೇ. ನುಡಿ 01 ಇ ಥರದ ಹಳೆ ಫಾಂಟಿನ ಅಕ್ಷರಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂತಿರುತ್ತದೆ. ಫಾಂಟ್ ಇಲ್ಲದ ಲ್ಯಾಪ್‌ಟಾಪಲ್ಲಿ ತೆರೆದರೆ 'ಕ' ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಮೇಲೆ ಗೀಟಿರುವ ಎ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಗಾಬರಿಬಿದ್ದು ತಿದ್ದಲು ಹೋಗಬೇಡಿ. ಹಳೆಯದರ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿ ಹೆಸರಿನವನ್ನೆಲ್ಲ ತನ್ನಿ, ಬಲಕ್ಲಿಕ್ ಮಾಡಿ ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಆಗುವ ಆಯ್ಕೆ ಒತ್ತಿ. ಬರೀ ಇನ್‌ಸ್ಟಾಲ್ ಒತ್ತಿದರೆ ಆ ಒಂದು ಲಾಗಿನ್ನಿಗೆ ಮಾತ್ರ ಸಿಗುತ್ತದೆ.

ಲೆಟರ್‌ಹೆಡ್ ಟೆಂಪ್ಲೇಟ್ ಇದ್ದರೆ ಆ್ಯಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್ ಒಳಗಿನ ಟೆಂಪ್ಲೇಟ್ಸ್ ಫೋಲ್ಡರೂ ಬರಲಿ. ಔಟ್‌ಲುಕ್ ಸಹಿ ಅದರ ಪಕ್ಕದ ಸಿಗ್ನೇಚರ್ಸ್‌ನಲ್ಲಿದೆ.

ಸೊಸೈಟಿ_ಲೆಕ್ಕ:
ರಿಟೇಲ್ ಎಂದೇ ಬಂತು, ಕೊನೆಯ ಐದು ಅಕ್ಷರವೂ ಡಬ್ಬಿಗೆ ತಾಳೆಯಾಯಿತು. ಆದರೆ ಹೊಸದರಲ್ಲಿ ಕೀ ತಪ್ಪು ಅನ್ನುತ್ತಿದೆ. ಸ್ಟಿಕ್ಕರ್ ಸ್ವಲ್ಪ ಮಾಸಿದೆ, ಮೂರನೇ ಗುಂಪಿನಲ್ಲಿ ಸೊನ್ನೆಯಂಥದ್ದೊಂದು ಇದೆ.

ಕೀಲಿಮಣೆ:
2010ರ ಕೀಯಲ್ಲಿ ಸೊನ್ನೆಯೂ ಇಲ್ಲ, ಇಂಗ್ಲಿಷಿನ ಓ ಕೂಡ ಇಲ್ಲ. ಅದು ಕ್ಯೂ ಅಥವಾ ಡಿ ಆಗಿರಬೇಕು. 1, 5, ಐ, ಎಲ್, ಎಸ್ ಕೂಡ ಬರುವುದಿಲ್ಲ. 8 ಮತ್ತು ಬಿ, 6 ಮತ್ತು ಜಿ ಅದಲುಬದಲಾಗುವುದೇ ಹೆಚ್ಚು, ಅವನ್ನೂ ನೋಡಿ.

ಕೀ ಒಪ್ಪಿಕೊಂಡರೂ ಇಂಟರ್ನೆಟ್ ಆಕ್ಟಿವೇಶನ್ ನಿರಾಕರಿಸಿದರೆ ಅದೇ ವಿಝಾರ್ಡಿನಲ್ಲಿ ಟೆಲಿಫೋನ್ ಆಯ್ಕೆ ನೋಡಿ, ಈಗ ಅದು ನಡೆಯದೆಯೂ ಇರಬಹುದು. ನಡೆದರೆ, ಒಂಬತ್ತು ಗುಂಪಿನ ಇನ್‌ಸ್ಟಾಲೇಶನ್ ಐಡಿ ಕೊಟ್ಟಾಗ, ಎ ಇಂದ ಎಚ್‌ವರೆಗಿನ ಎಂಟು ಚೌಕಕ್ಕೆ ತುಂಬುವ ಅಂಕಿಗಳು ಸಿಗುತ್ತವೆ. ಅದು ಮುಗಿಯುವವರೆಗೆ ವಿಝಾರ್ಡ್ ಮುಚ್ಚಬೇಡಿ.

ಒಂದು ಮಾತು ಮುಚ್ಚಿಡಬಾರದು. 2010ಕ್ಕೆ 2020ರ ಅಕ್ಟೋಬರ್ 13ರಿಂದ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ, ವಿಂಡೋಸ್ 11ರ ಮೇಲೆ ಅದಕ್ಕೆ ಅಧಿಕೃತ ಬೆಂಬಲವೂ ಇಲ್ಲ. ನಿಮ್ಮದೇ ನಡಾವಳಿ, ಲೆಕ್ಕಪತ್ರ ತೆರೆಯಲು ಬಳಸಿ. ಹೊರಗಿನ ಮೇಲ್ ಬ್ರೌಸರಿನಲ್ಲೇ ನೋಡಿ, ಹಳೆ ಪಿಎಸ್‌ಟಿಯನ್ನು ಹುಡುಕಲಷ್ಟೇ ಔಟ್‌ಲುಕ್ ಇರಲಿ. ಗುರುತಿಲ್ಲದವರು ಕಳಿಸಿದ ವರ್ಡ್, ಎಕ್ಸೆಲ್ ಫೈಲಿಗೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ, ಉಚಿತ, 2010ರ ಪಕ್ಕದಲ್ಲೇ ಇರುತ್ತದೆ.