ಹ್ಯಾರಿ ಪಾಟರ್ ಚಿತ್ರಗಳನ್ನು ವಿಮರ್ಶಿಸುವಾಗ ಕಾದಂಬರಿಯನ್ನು ಎಷ್ಟರ ಮಟ್ಟಿಗೆ ಅಳತೆಗೋಲಾಗಿ ಇಟ್ಟುಕೊಳ್ಳಬೇಕು?

ಪ್ರಶ್ನೆ – ಸಹ್ಯಾದ್ರಿ ಓದುಗ

ಹ್ಯಾರಿ ಪಾಟರ್ ಸರಣಿಯ ಎಂಟೂ ಚಲನಚಿತ್ರಗಳ ಬಗ್ಗೆ ಒಂದೊಂದಾಗಿ ಕನ್ನಡದಲ್ಲಿ ವಿಮರ್ಶೆ ಬರೆಯಬೇಕೆಂದಿದ್ದೇನೆ. ಏಳೂ ಕಾದಂಬರಿಗಳನ್ನು (ಕೊನೆಯದು ಎರಡು ಚಿತ್ರಗಳಾಗಿದೆ) ಓದಿರುವುದರಿಂದ, ಚಿತ್ರ ನೋಡಲು ಕುಳಿತಾಗಲೆಲ್ಲ ಬಿಟ್ಟುಹೋದ ಪ್ರಸಂಗಗಳೇ ಕಣ್ಣಿಗೆ ಬೀಳುತ್ತವೆ. ಅವನ್ನು ಪಟ್ಟಿ ಮಾಡುತ್ತಾ ಹೋದರೆ ಅದು ವಿಮರ್ಶೆಯಾಗದೆ ದೂರಿನ ಅರ್ಜಿಯಾಗುತ್ತದೆ. ಬಿಡುವುದು ಅನಿವಾರ್ಯವೆಂಬುದೂ ನಿಜ. ಐದನೆಯ ಕಾದಂಬರಿಯ ಬ್ರಿಟಿಷ್ ಆವೃತ್ತಿ 766 ಪುಟಗಳಷ್ಟಿದ್ದು, ಏಳರಲ್ಲಿ ಅದೇ ಅತಿ ದೊಡ್ಡದು. 2007ರಲ್ಲಿ ತೆರೆಗೆ ಬಂದ ಅದರ ಚಿತ್ರ 138 ನಿಮಿಷಗಳದ್ದು. ಗಾತ್ರದಲ್ಲಿ ಅದರ ಮೂರನೇ ಒಂದರಷ್ಟಿರುವ ಎರಡನೆಯ ಕಾದಂಬರಿಗೆ ಮಾತ್ರ 161 ನಿಮಿಷ ಸಿಕ್ಕಿದೆ. ಹೀಗಿರುವಾಗ, ಕಾದಂಬರಿಯನ್ನು ಓದದವರಂತೆ ನೋಡಿ ಬರೆಯುವುದು ಸರಿಯೇ, ಅಥವಾ ಓದಿದವರ ಕಣ್ಣಿನಿಂದಲೇ ತೂಗಬೇಕೇ? ಈ ಚಿತ್ರಗಳನ್ನು ಗಂಭೀರವಾಗಿ ನೋಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ – ಮಾಳಿಗೆಮನೆ

ಸಹ್ಯಾದ್ರಿ ಅವರೇ, ಓದಿದ್ದನ್ನು ಮರೆತಂತೆ ನಟಿಸುವ ಅಗತ್ಯವಿಲ್ಲ. ಆದರೆ ಒಂದು ಪ್ರಸಂಗ ಇದೆಯೋ ಇಲ್ಲವೋ ಎಂದು ಕೇಳುವುದಕ್ಕಿಂತ, ಆ ಪ್ರಸಂಗ ಕಥೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಚಿತ್ರದಲ್ಲಿ ಬೇರೆ ಯಾವುದಾದರೂ ಮಾಡುತ್ತಿದೆಯೇ ಎಂದು ಕೇಳಿದರೆ ವಿಮರ್ಶೆಗೆ ದಾರಿ ತೆರೆಯುತ್ತದೆ.

ಮಾಂತ್ರಿಕರ ಮನೆಗೆಲಸ ಮಾಡುವ ಪುಟ್ಟ ಜೀವಿ ಡಾಬಿಯನ್ನೇ ತೆಗೆದುಕೊಳ್ಳಿ. ನಾಲ್ಕನೆಯ ಕಾದಂಬರಿಯಲ್ಲಿ ಅವನು ಮಾಂತ್ರಿಕ ಶಾಲೆ ಹಾಗ್ವಾರ್ಟ್ಸ್‌ನ ಅಡುಗೆಮನೆಯಲ್ಲಿ ಸಂಬಳ ಪಡೆದು ದುಡಿಯುತ್ತಾನೆ, ಕೆರೆಯೊಳಗಿನ ಸ್ಪರ್ಧೆಗೆ ಬೇಕಾದ, ನೀರಿನಡಿ ಉಸಿರಾಡಲು ನೆರವಾಗುವ ಗಿಲ್ಲಿವೀಡ್ ಸಸ್ಯವನ್ನು ಹ್ಯಾರಿಗೆ ತಂದುಕೊಡುತ್ತಾನೆ. ಐದನೆಯದರಲ್ಲಿ ಗುಪ್ತ ಅಭ್ಯಾಸಕ್ಕೆ ತಕ್ಕ ಕೋಣೆಯನ್ನು ತಿಳಿಸುವವನೂ ಅವನೇ. ಚಿತ್ರಗಳಲ್ಲಿ ಈ ಎರಡೂ ಕೆಲಸಗಳು ಹ್ಯಾರಿಯ ಸಹಪಾಠಿ ನೆವಿಲ್‌ನ ಪಾಲಾಗಿವೆ. ನೆವಿಲ್‌ಗೆ ಇದರಿಂದ ಲಾಭವೇ ಆಯಿತು, ಆ ಸಂಕೋಚದ ಹುಡುಗ ಮುಂದೆ ಧೀರನಾಗುವುದಕ್ಕೆ ಮೆಟ್ಟಿಲುಗಳು ಸಿಕ್ಕವು. ಡಾಬಿ ಮಾತ್ರ 2002ರ ಚಿತ್ರದ ನಂತರ 2010ರವರೆಗೆ ತೆರೆಯ ಮೇಲೆ ಕಾಣಿಸುವುದೇ ಇಲ್ಲ. ಅದೇ 2010ರ ಚಿತ್ರದ ಕೊನೆಯಲ್ಲಿ ಅವನು ಸಾಯಬೇಕು. ಈ ಕೊರತೆ ನಿರ್ದೇಶಕ ಡೇವಿಡ್ ಯೇಟ್ಸ್ ಮತ್ತು ಚಿತ್ರಕಥೆಗಾರ ಸ್ಟೀವ್ ಕ್ಲೋವ್ಸ್ ಅವರಿಗೆ ತಿಳಿದಿದ್ದಿರಬೇಕು ಎಂದೇ ನನ್ನ ಊಹೆ. ಕಳ್ಳ ಮಂಡಂಗಸ್‌ನನ್ನು ಹಿಡಿದು ತರುವ ಸಂದರ್ಭದಲ್ಲಿ, ಕಾದಂಬರಿಯಲ್ಲಿ ಡಾಬಿಯಂಥದೇ ಇನ್ನೊಂದು ಜೀವಿಯಾದ ಕ್ರೀಚರ್ ಒಬ್ಬನೇ ಇದ್ದರೆ, ಚಿತ್ರದಲ್ಲಿ ಅವನ ಜೊತೆಗೆ ಡಾಬಿಯನ್ನೂ ಕರೆತಂದಿದ್ದಾರೆ. ಸಾವಿಗೆ ಮುಂಚೆ ಪ್ರೇಕ್ಷಕರಿಗೆ ಅವನ ಪರಿಚಯ ಮತ್ತೊಮ್ಮೆ ಆಗಲೆಂಬ ಜಾಣತನದ ಸೇರ್ಪಡೆ ಇದು.

ಆದರೂ ಡಾಬಿಯ ಸಮಾಧಿಯ ದೃಶ್ಯದಲ್ಲಿ ಒಂದು ನಷ್ಟ ಉಳಿದಿದೆ. ಕಾದಂಬರಿ, ಚಿತ್ರ ಎರಡರಲ್ಲೂ ಹ್ಯಾರಿ ಮಂತ್ರದಂಡವನ್ನು ಬದಿಗಿಟ್ಟು ಕೈಯಿಂದಲೇ ಗುಂಡಿ ತೋಡುತ್ತಾನೆ. ಕಾದಂಬರಿಯಲ್ಲಿ ಅಗೆಯುತ್ತಾ, ಬೆವರುತ್ತಾ ಇರುವಾಗಲೇ ಅವನ ಮನಸ್ಸು ತಿಳಿಯಾಗುತ್ತದೆ. ಅತಿ ಬಲಿಷ್ಠವಾದ ಎಲ್ಡರ್ ಮಂತ್ರದಂಡದ ಆಸೆಯನ್ನು ಬಿಟ್ಟು, ಖಳನಾಯಕ ವೋಲ್ಡೆಮಾರ್ಟ್ ತನ್ನ ಆತ್ಮದ ತುಣುಕುಗಳನ್ನು ಬಚ್ಚಿಟ್ಟಿರುವ ಹಾರ್‌ಕ್ರಕ್ಸ್‌ಗಳನ್ನೇ ಹುಡುಕಿ ನಾಶಮಾಡಬೇಕೆಂಬ ನಿರ್ಧಾರ ಅಲ್ಲಿ ಗಟ್ಟಿಯಾಗುತ್ತದೆ. ಚಿತ್ರದಲ್ಲಿ ಕಾಣುವುದು ದುಃಖ ಮಾತ್ರ. ದುಃಖ ನಿಜವಾಗಿಯೇ ತಟ್ಟುತ್ತದೆ, ಆದರೆ ನಾಯಕ ಬದಲಾದ ಗಳಿಗೆ ಕೈತಪ್ಪಿದೆ. ವಿಮರ್ಶೆಯಲ್ಲಿ ಬರೆಯಬೇಕಾದ್ದು ಇಂಥದ್ದನ್ನು.

ಉತ್ತರ – ಕೊನೆಯ ಸಾಲಿನ ಪ್ರೇಕ್ಷಕ

ಮಾಳಿಗೆಮನೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಪೂರ್ತಿ ಸಾಲದು. ಕಳೆದುಹೋದ ಕೆಲಸಕ್ಕೆ ಬದಲಿ ಹುಡುಕುವುದರಲ್ಲೇ ನಿಂತರೆ 2004ರ ಮೂರನೆಯ ಚಿತ್ರಕ್ಕೆ ಅನ್ಯಾಯವಾಗುತ್ತದೆ. ಶಾಲೆಯಲ್ಲಿ ಯಾರು ಎಲ್ಲಿದ್ದಾರೆಂದು ತೋರಿಸುವ ಮಾಂತ್ರಿಕ ನಕ್ಷೆಯನ್ನು ರಚಿಸಿದವರು ಹ್ಯಾರಿಯ ತಂದೆ ಮತ್ತು ಅವನ ಗೆಳೆಯರೆಂಬುದನ್ನು ಅದು ಹೇಳುವುದೇ ಇಲ್ಲ. ತಂದೆ ಸಾರಂಗದ ರೂಪ ತಾಳುತ್ತಿದ್ದನೆಂಬ ಸಂಗತಿಯೂ ಇಲ್ಲದ್ದರಿಂದ, ಹ್ಯಾರಿಯ ಪೆಟ್ರೋನಸ್ (ಮಂತ್ರದಿಂದ ಮೂಡುವ ರಕ್ಷಕ ಪ್ರಾಣಿರೂಪ) ಸಾರಂಗವೇ ಏಕಾಯಿತೆಂದು ಕಾದಂಬರಿ ಓದದವರಿಗೆ ಗೊತ್ತಾಗುವ ದಾರಿಯಿಲ್ಲ. ತಂದೆಯ ಗೆಳೆಯನೂ ಶಿಕ್ಷಕನೂ ಆದ ಲೂಪಿನ್‌ನ ಬಾಯಲ್ಲಿ ಎರಡು ವಾಕ್ಯ ಹೇಳಿಸಿದ್ದರೆ ಸಾಕಿತ್ತು. ಈ ತಪ್ಪನ್ನು ನಾನು ಮನ್ನಿಸುವುದಿಲ್ಲ.

ಹಾಗಿದ್ದರೂ ಎಂಟರಲ್ಲಿ ಶ್ರೇಷ್ಠವಾದದ್ದು ಅದೇ. ಕಾಲವನ್ನು ಹಿಂದಕ್ಕೆ ತಿರುಗಿಸುವ ಕಥೆಗೆ ನಿರ್ದೇಶಕ ಅಲ್ಫಾನ್ಸೊ ಕ್ವಾರೋನ್ ಕಾಲವನ್ನೇ ಕಣ್ಣಿಗೆ ಕಾಣಿಸಿದ್ದಾರೆ. ಶಾಲೆಯ ದ್ವಾರದ ಬಳಿ ದೈತ್ಯ ಲೋಲಕ ತೂಗಾಡುತ್ತದೆ, ಗಡಿಯಾರದ ಗಾಜಿನ ಮುಖದ ಹಿಂದಿನಿಂದ ಮಕ್ಕಳು ಅಂಗಳಕ್ಕೆ ಇಳಿಯುವುದು ಕಾಣುತ್ತದೆ, ಹತ್ತಿರ ಬಂದವರನ್ನು ಕೊಂಬೆಗಳಿಂದ ಹೊಡೆಯುವ ಮರ ಒಮ್ಮೆಲೇ ತನ್ನೆಲ್ಲ ಎಲೆಗಳನ್ನು ಉದುರಿಸಿ ಋತು ಬದಲಾದದ್ದನ್ನು ಸಾರುತ್ತದೆ. ಕಾದಂಬರಿಯ ಯಾವ ಪುಟದಿಂದಲೂ ಇವು ಬಂದದ್ದಲ್ಲ. ಚಿತ್ರ ತಾನಾಗಿ ಕೊಟ್ಟದ್ದನ್ನು ನೋಡದ ವಿಮರ್ಶಕ ಅರ್ಧ ಚಿತ್ರವನ್ನಷ್ಟೇ ನೋಡಿದಂತೆ. 2010ರ ಚಿತ್ರದ ಆರಂಭವೂ ಹಾಗೆಯೇ: ಹ್ಯಾರಿಯ ಗೆಳತಿ ಹರ್ಮಯೊನಿ ತನ್ನ ಹೆತ್ತವರ ನೆನಪನ್ನು ಅಳಿಸಿದ್ದನ್ನು ಕಾದಂಬರಿ ಮಾತಿನಲ್ಲಿ ಹೇಳಿ ಮುಗಿಸಿದರೆ, ಚಿತ್ರದಲ್ಲಿ ಗೋಡೆಯ ಮೇಲಿನ ಭಾವಚಿತ್ರಗಳಿಂದ ಅವಳ ಮುಖ ಒಂದೊಂದಾಗಿ ಮರೆಯಾಗುತ್ತದೆ.

ಉತ್ತರ – ನೀಲಗಿರಿ ಚಹಾ

ಇನ್ನೊಂದು ಎಚ್ಚರಿಕೆ: ಎಂಟನ್ನೂ ಬಿಡಿಬಿಡಿಯಾಗಿ ತೂಗಬೇಡಿ. 2009ರ ಆರನೆಯ ಚಿತ್ರ ವೋಲ್ಡೆಮಾರ್ಟ್‌ನ ಪೂರ್ವಕಥೆಯನ್ನು ಬಹುಪಾಲು ಕತ್ತರಿಸಿತು. ಅವನ ತಾಯಿಯ ಕಡೆಯ ಗಾಂಟ್ ಮನೆತನದ ದಾರಿದ್ರ್ಯ, ತಾಯಿ ಮೆರೋಪಿಯ ಪಾಡು ಇವಾವುವೂ ಅಲ್ಲಿಲ್ಲ. ಅನಾಥಾಲಯದ ಭೇಟಿ ಮತ್ತು ಶಿಕ್ಷಕ ಸ್ಲಗ್‌ಹಾರ್ನ್‌ನ ನೆನಪು ಮಾತ್ರ ಉಳಿದಿವೆ. ಸಮಯ ಸಾಲಲಿಲ್ಲವೆನ್ನುವಂತೆಯೂ ಇಲ್ಲ, ಏಕೆಂದರೆ ಕಾದಂಬರಿಯಲ್ಲಿಲ್ಲದ, ಹ್ಯಾರಿಯ ಗೆಳೆಯ ರಾನ್‌ನ ಮನೆ ಹೊತ್ತಿ ಉರಿಯುವ ಪ್ರಸಂಗವನ್ನು ಅಲ್ಲಿ ಸೇರಿಸಲಾಗಿದೆ.

ಅದರ ಫಲ 2011ರ ಎಂಟನೆಯ ಚಿತ್ರದಲ್ಲಿ ಕಾಣುತ್ತದೆ. ಕಾದಂಬರಿಯಲ್ಲಿ ವೋಲ್ಡೆಮಾರ್ಟ್ ಸಾಯುವುದು ಮಹಾಸಭಾಂಗಣದಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ, ಎಲ್ಲರ ಕಣ್ಣೆದುರು. ಹ್ಯಾರಿ ಅವನನ್ನು ಟಾಮ್ ರಿಡಲ್ ಎಂದು ಹುಟ್ಟುಹೆಸರಿನಿಂದಲೇ ಕರೆಯುತ್ತಾನೆ. ಸಾವನ್ನು ಗೆಲ್ಲಲು ಆತ್ಮವನ್ನೇ ಹರಿದುಕೊಂಡವನ ಶವ ಸಾಮಾನ್ಯ ಮನುಷ್ಯನ ಶವದಂತೆ ನೆಲದ ಮೇಲೆ ಬಿದ್ದಿರುತ್ತದೆ. ಚಿತ್ರದಲ್ಲಿ ಬರಿದಾದ ಅಂಗಳದಲ್ಲಿ ಇಬ್ಬರೇ ಇದ್ದಾರೆ, ಅವನು ಚೂರುಚೂರಾಗಿ ಗಾಳಿಯಲ್ಲಿ ಹಾರಿಹೋಗುತ್ತಾನೆ. ನೋಡಲು ಭವ್ಯವಾಗಿದೆ, ಆದರೆ ಶವವೇ ಉಳಿಯದವನು ಕೊನೆಯವರೆಗೂ ಅಮಾನುಷನಾಗಿಯೇ ಉಳಿಯುತ್ತಾನೆ, ಅವನು ಬಯಸಿದ್ದೂ ಅದನ್ನೇ. ಅವನ ಮನುಷ್ಯತನದ ಕಥೆಯನ್ನು ಎರಡು ವರ್ಷ ಮೊದಲೇ ಕತ್ತರಿಸಿದ್ದ ಮೇಲೆ, ಮನುಷ್ಯನಂತೆ ಬಿದ್ದ ಶವವನ್ನು ತೋರಿಸಿದ್ದರೂ ಪ್ರೇಕ್ಷಕರನ್ನು ಅದು ಅಷ್ಟಾಗಿ ತಟ್ಟುತ್ತಿರಲಿಲ್ಲವೇನೋ.

ಇನ್ನು, ಮೊದಲ ಚಿತ್ರ 2001ರಲ್ಲಿ ಬಂದಾಗ ನಾಲ್ಕೇ ಕಾದಂಬರಿಗಳು ಪ್ರಕಟವಾಗಿದ್ದವು. ಕೊನೆಯದು ಹೊರಬಂದದ್ದು 2007ರ ಜುಲೈನಲ್ಲಿ. ಐದನೆಯ ಚಿತ್ರದ ಕಥೆಯಿಂದ ಕ್ರೀಚರ್‌ನನ್ನು ಕೈಬಿಟ್ಟಿದ್ದಾಗ, ಅವನು ಮುಂದೆ ಬೇಕಾಗುತ್ತಾನೆಂದು ಲೇಖಕಿ ರೌಲಿಂಗ್ ಅವರೇ ತಿಳಿಸಿ ಉಳಿಸಬೇಕಾಯಿತು. ಆದ್ದರಿಂದ ಮೊದಲ ಐದು ಚಿತ್ರಗಳ ಬಿಡುವಿಕೆಗಳನ್ನು ತೂಗುವಾಗ ಸ್ವಲ್ಪ ಉದಾರವಾಗಿರಿ. ಕೊನೆಯ ಮೂರಕ್ಕೆ ಆ ರಿಯಾಯಿತಿ ಬೇಡ.

ಮರುಮಾತು – ಸಹ್ಯಾದ್ರಿ ಓದುಗ

ಎಲ್ಲರಿಗೂ ಧನ್ಯವಾದಗಳು. ಆರನೆಯ ಮತ್ತು ಎಂಟನೆಯ ಚಿತ್ರಗಳನ್ನು ಒಂದೇ ಲೇಖನದಲ್ಲಿ ಜೋಡಿಸಿ ಬರೆಯುವುದು ಸರಿಯೆನಿಸುತ್ತಿದೆ. ಮೂರನೆಯದನ್ನು ಮಾತ್ರ ಮತ್ತೊಮ್ಮೆ, ಈ ಬಾರಿ ಕಾದಂಬರಿ ಓದಿರದ ನನ್ನ ತಂಗಿಯ ಜೊತೆ ಕುಳಿತು ನೋಡುತ್ತೇನೆ. ಸಾರಂಗವನ್ನು ಕಂಡಾಗ ಅವಳು ಏನು ಕೇಳುತ್ತಾಳೆಂಬುದನ್ನು ಗುರುತು ಮಾಡಿಕೊಂಡು ಇಲ್ಲಿಯೇ ಬರೆಯುತ್ತೇನೆ.