ಟಾಯರ್ "ಕೂಡ್ತದ", ಟಾಯರ್ "ಒಪ್ತದ": ರಿಮ್ಮಿನ ಅಳತಿಗಿ ಕನ್ನಡದಾಗ ಏನನ್ನಬೇಕು?

ಶರಣ್ರೀ ಎಲ್ಲಾರಿಗೂ,

ಕಲಬುರಗಿಯಿಂದ ಬರಿಲಾಕತ್ತೀನಿ. ನಮ್ಮ ಓಣ್ಯಾಗಿನ ಹುಡುಗುರು ಗೇರ್ ಸೈಕಲ್ಲಿಗಿ ಎಂಥಾ ಟಾಯರ್ ಹಾಕ್ಸಬೇಕು ಅಂತ ಕೇಳ್ತಾ ಇರ್ತಾರ, ಅದಕ್ಕ ಟಾಯರ್ ರಿಮ್ಮು ಜೋಡಿ ಮಾಡೋದು ಹೆಂಗ ಅಂತ ಕನ್ನಡದಾಗ ಒಂದು ಪುಟ ಬರ್ದು ಸೈಕಲ್ ಮಿಸ್ತ್ರಿ ಚಾಚಾ ಅವರ ಅಂಗಡಿ ಗ್ವಾಡಿಗಿ ಹಚ್ಚೋಣಂತ ಸುರು ಮಾಡ್ದೆ, ಮೂರನೇ ಸಾಲಿಗೇ ನಿಂತೀನಿ, ಪದ ಸಿಗವಲ್ದು.

ನಮ್ಮಪ್ಪಾರದು ಒಂದು ಹಳೇ ಕರೀ ಸೈಕಲ್ ಅದ, ರಾಡ್ ಬ್ರೇಕಿಂದು, ಟಾಯರ್ ಮ್ಯಾಲ 28×1½ ಅಂತ ಬರ್ದಾದ, ಇಂಚಿನ ಲೆಕ್ಕ. ನಮ್ಮಳಿಯ ಆನ್‌ಲೈನ್‌ದಾಗ ಬರೇ 28 ನೋಡಿ ಟಾಯರ್ ತರಿಸ್ದ, ಮನ್ಯಾಗ ಇಬ್ರೂ ಅರ್ಧ ತಾಸು ಒದ್ದಾಡಿದ್ರೂ ರಿಮ್ಮಿಗಿ ಏರ್ಲಿಲ್ಲ. ಚಾಚಾ ಕೈಯಾಗ ಹಿಡ್ದು ತಿರುಗಿಸಿ ನೋಡಿ "ಇದು ಕೂಡಂಗಿಲ್ಲ ಬೇಟಾ" ಅಂದ್ರು. ಟಾಯರಿನ ಬಾಜೂಕ ಸಣ್ಣ ಅಕ್ಷರದಾಗ 37-622 ಅಂತಿತ್ತು, ನಮ್ಮ ರಿಮ್ಮಿಂದು 635. ಇದು ಟಾಯರ್ ಅಳತಿ ಬರಿಯೋ ಅಂತರರಾಷ್ಟ್ರೀಯ ಪದ್ಧತಿ, ಐಎಸ್‌ಒ 5775, ಮುಂದಿನ ಅಂಕಿ ಟಾಯರಿನ ಅಗಲ, ಹಿಂದಿಂದು ಟಾಯರ್ ರಿಮ್ಮಿನ್ಯಾಗ ಕೂಡೋ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ದಾಗ. ಎರಡಕ್ಕೂ ಬಾಯಿಮಾತಿನ್ಯಾಗ 28 ಅಂತೀವಿ, ನಡುವ 13 ಮಿಲಿಮೀಟರ್ ಫರಕ್ ಅದ.

ಆಮ್ಯಾಲ ಅಳಿಯನ ಸ್ವಂತ ಸೈಕಲ್ಲಿನ ಪಾಳಿ ಬಂತು. ಅದರ ರಿಮ್ಮು 622×15, ಅಂದ್ರ ಒಳಗಿನ ಅಗಲ 15 ಮಿಲಿಮೀಟರ್. ಜಾಲಿ ಮುಳ್ಳಿನ ಪಂಚರ್‌ಗಿ ಬ್ಯಾಸತ್ತು 45 ಮಿಲಿಮೀಟರ್ ಅಗಲದ ದಪ್ಪ ಟಾಯರ್ ಬೇಕಂದ. ಅದೂ 622ಏ, ರಿಮ್ಮಿಗಿ ಸಲೀಸ್ ಏರ್ತದ. ಆದ್ರ ಚಾಚಾ ಈ ಸಲ "ಕೂಡ್ತದ, ಒಪ್ಪಂಗಿಲ್ಲ" ಅಂದ್ರು. ಆ ಮಾತು ಕೇಳಿ ನಂಗ ಭಾಳ ಖುಷಿ ಆಯ್ತು, ಯಾಕಂದ್ರ ಪುಸ್ತಕದ ಕನ್ನಡದಾಗ ಎರಡಕ್ಕೂ "ಹೊಂದುವುದಿಲ್ಲ" ಅಂತ ಒಂದೇ ಮಾತು ಬರೀತೀವಿ, ಇವು ಎರಡು ಬ್ಯಾರೆ ಬ್ಯಾರೆ ಸಂಗತಿ. ಟಾಯರಿನ ಅಂಚಿನ್ಯಾಗ ಉಕ್ಕಿನ ತಾರು ಇರ್ತದ, ಅದು ಹಿಗ್ಗಂಗಿಲ್ಲ, ಹಂಗಾಗಿ ವ್ಯಾಸ ಅಂದ್ರ ಕೂಡ್ತದ ಇಲ್ಲಾಂದ್ರ ಇಲ್ಲ, ಅಷ್ಟೇ. ಒಪ್ಪೋದು ಅಗಲದ ಮಾತು, ಅದರಾಗ ಮಾತ್ರ ಸೊಲ್ಪ ಹಿಂದ ಮುಂದ ನಡೀತದ, ರಿಮ್ಮಿನ ಒಳಗಿನ ಅಗಲದ 1.4 ಪಟ್ಟಿನಿಂದ 2 ಪಟ್ಟಿನ ತನಕ ಟಾಯರ್ ಇದ್ರ ಚಿಂತಿಲ್ಲ ಅನ್ನೋದು ಹಳೇ ಅಂದಾಜು, ಅಂದ್ರ 19ರ ರಿಮ್ಮಿಗಿ ಸುಮಾರು 27ರಿಂದ 38. ಕಂಪನಿಯೋರ ಚಾರ್ಟಿನ್ಯಾಗ ಇನ್ನೂ ಸೊಲ್ಪ ಜಾಸ್ತಿನೇ ಬಿಟ್ಟಿರ್ತಾರ. ಅಗಲ ಕಡಿಮಿ ಇರೋ ರಿಮ್ಮಿಗಿ ಭಾಳ ದಪ್ಪಂದು ಹಾಕಿದ್ರ ತಿರುವಿನ್ಯಾಗ ಟಾಯರ್ ಅತ್ತಿತ್ತ ವಾಲ್ತದ, ಅಗಲ ರಿಮ್ಮಿಗಿ ಭಾಳ ಸಣ್ಣಂದು ಹಾಕಿದ್ರ ತೆಗ್ಗಿನ್ಯಾಗ ಬಿದ್ದಾಗ ಪೆಟ್ಟು ಸೀದಾ ರಿಮ್ಮಿನ ಅಂಚಿಗೇ. ಕಡೀಕ ನಾವು ಅಳಿಯನ ಸೈಕಲ್ಲಿಗಿ 28 ಮಿಲಿಮೀಟರ್ ಅಗಲದ್ದು ಹಾಕ್ಸಿದ್ವಿ.

ಈಗ ನನ್ನ ತೊಡಕು. "ಕೂಡು" ಅಂದ್ರ ನಮ್ಮ ಕಡಿ ಕುಳಿತುಕೋ, ಮನಿಗಿ ಬಂದೋರಿಗಿ "ಕೂಡ್ರಿ" ಅಂತೀವಿ. ಮೈಸೂರು ಬೆಂಗಳೂರಿನೋರು ಇದನ್ನ ಸೇರು ಅಂತ ಓದ್ಕೋತಾರೇನು? ಹಂಗ ಓದಿದ್ರೂ ಅರ್ಥ ಕೆಡಂಗಿಲ್ಲ ಅನಸ್ತದ ನಂಗ, ಆದ್ರೂ ಅಲ್ಲಿನೋರ ಬಾಯಿಂದ ಕೇಳ್ಬೇಕು.

ಇನ್ನ "ಸಣ್ಣ ಟಾಯರ್". ಸಣ್ಣಂದು ಕೊಡ್ರಿ ಅಂದ್ರ ಅಗಲ ಕಡಿಮಿ ಇರೋದು ಅಂತನೂ ಆಗ್ತದ, ಕೂಸುಗೋಳ ಸೈಕಲ್ಲಿನ 20 ಇಂಚಿಂದು ಅಂತನೂ ಆಗ್ತದ. ತೆಳು ಅನ್ಲಾಕ ಬರಂಗಿಲ್ಲ, ತೆಳು ಅನ್ನೋದು ರೊಟ್ಟಿಗಿ, ಬಟ್ಟಿಗಿ. ತೆಳು ಟಾಯರ್ ಅಂದ್ರ ಸವದು ಹೋಗಿದ್ದು ಅನಸ್ತದ. "ಇಕ್ಕಟ್ಟು" ಅಂದ್ರ ಓಣಿ ನೆನಪಾಗ್ತದ. ನೀವೇನಂತೀರಿ?

ಅಂಕಿ ಓದೋದೂ ಒಂದು ತಾಪತ್ರಯ. 26×1¾ ಟಾಯರ್ ರಿಮ್ಮಿನ್ಯಾಗ ಕೂಡೋ ವ್ಯಾಸ 571 ಮಿಲಿಮೀಟರ್, 26×1.75ರದು 559. ಲೆಕ್ಕದಾಗ ಎರಡೂ ಒಂದೇ, ರಿಮ್ಮು ಬ್ಯಾರೆ. ಬಾಯಿಲಿ ಹೇಳೋವಾಗ ಎರಡಕ್ಕೂ "ಒಂದೂಮುಕ್ಕಾಲು" ಅಂದ್ಬಿಡ್ತೀವಿ, ಫರಕ್ ಅಲ್ಲೇ ಮುಳುಗ್ತದ. ನನ್ನ ಪುಟದಾಗ ಎರಡನೇದಕ್ಕ "ಒಂದು ಬಿಂದು ಏಳು ಐದು" ಅಂತನೇ ಬರೀಬೇಕಂತ ಮಾಡೀನಿ, ಉದ್ದ ಆದ್ರೂ ಪರವಾಗಿಲ್ಲ.

ಟಾಯರಿನ ಅಂಚಿಗಿ ಇಂಗ್ಲಿಷಿನ್ಯಾಗ ಬೀಡ್ ಅಂತಾರ, ಒಂದು ಮಷಿನ್ ಅನುವಾದದಾಗ ಅದು "ಮಣಿ" ಆಗಿ ಬಂದಿತ್ತು. ಮಣಿ ಅಂತ ಹುಡುಕಿದ್ರ ಟಾಯರಿನ್ಯಾಗ ಏನೂ ಸಿಗಂಗಿಲ್ಲ. ಚಾಚಾ "ತಾರು" ಅಂತಾರ, ಆದ್ರ ಗಾಲಿಯ ಕಡ್ಡಿಗೂ ಇಲ್ಲಿ ತಾರೇ ಅಂತಾರ, ಅದಕ್ಕ "ಅಂಚುತಾರು" ಅಂತ ಇಟ್ಕೊಂಡೀನಿ.

ಎಲ್ಲಾಕಿಂತ ಮುಖ್ಯ ರಿಮ್ಮಿನ ಒಳಗಿನ ಅಗಲ, ಅಂದ್ರ ರಿಮ್ಮಿನ ಎರಡೂ ಅಂಚಿನ ಕೊಕ್ಕಿ ನಡುವಿನ ಜಾಗ. "ಒಳ ಅಗಲ" ಅಂದ್ರ ಹುಡುಗುರು ಹೊರಗಿಂದ ಸ್ಕೇಲ್ ಹಿಡ್ದು ಅಳೀತಾರ, ಕಣ್ಣಾರೆ ನೋಡೀನಿ. ಚಾಚಾ ಉರ್ದುದಾಗ "ಇಸ್ಕಾ ಮೂಹ್ ಛೋಟಾ ಹೈ" ಅಂತಾರ, ಅಂದ್ರ ಇದರ ಬಾಯಿ ಸಣ್ಣದು. ಕೊಡದ ಬಾಯಿ, ಚೀಲದ ಬಾಯಿ ಅಂದಂಗ ರಿಮ್ಮಿನ ಬಾಯಿ, "ಬಾಯಗಲ" ಅನ್ಬೌದಾ? ನಂಗಂತೂ ಮನಸಿಗಿ ಹಿಡ್ಸಾದ, ಯಾಕಂದ್ರ ಬಾಯಿ ಅಂದ ಕೂಡ್ಲೇ ಎಲ್ಲಿ ಅಳೀಬೇಕು ಅನ್ನೋದು ಅದರಾಗೇ ಬಂತು.

ಬಂಡಿ ಗಾಲಿಗಿ ಹಾಕೋ ಕಬ್ಬಿಣದ ಪಟ್ಟಿಗಿ ನಮ್ಮಜ್ಜ "ಹಳಿ" ಅಂತಿದ್ದ. ಕುಳ್ಳಿನ ಬೆಂಕ್ಯಾಗ ಕೆಂಪಗ ಕಾಯ್ಸಿ ಹಿಗ್ಗಿಸಿ ಗಾಲಿಗಿ ಏರಿಸಿ ನೀರು ಸುರುವಿದ್ರ ಅದು ಕುಗ್ಗಿ ಬಿಗೀ ಹಿಡೀತಿತ್ತು. ಹಳಿ ಕಟ್ಟಿಗಿಗಿ ಬಿಗೀ ಆಗಿ ಹತ್ತೋದಕ್ಕ ಬಡಿಗೇರ ಮನ್ಯಾಗ ಒಂದು ಮಾತು ಇದ್ದೇ ಇರ್ತದ. ಬೀದರ್, ಯಾದಗಿರಿ ಕಡ್ಯೋರು ಯಾರರ ಮನ್ಯಾಗ ಹಿರೇರು ಇದ್ರ ಕೇಳಿ ಬರೀರಿ, ಅವರು ಹೇಳ್ದಂಗೇ ಬರೀರಿ, ತಿದ್ದಬ್ಯಾಡ್ರಿ.